ಬಿಸಿ ಗೊತ್ತಾಗದ ಕೈ

ಶ್ರೇಯಾ, ಹೋದ ಭಾನುವಾರ ನೀನು ಸ್ನಾನದ ಮೂಲೆಯ ಮೋರಿಯ ಹತ್ತಿರ ನಿಂತು ಕೇಳಿದೆ. "ಅಜ್ಜಿ, ನೀವು ಸ್ನಾನಕ್ಕೆ ಹೋಗೋ ಮೊದ್ಲು ಮಮ್ಮಿ ಯಾಕೆ ನಿಮ್ಮ ಬಕೆಟ್‌ನಲ್ಲಿ ಕೈ ಹಾಕ್ತಾಳೆ? ನೀವೇನ್ ಬೇಬೀನಾ?" ನಿನ್ನ ತಮ್ಮ ತನ್ಮಯ ಬಾಯಿ ತುಂಬ ಇಡ್ಲಿ ಇಟ್ಟುಕೊಂಡೇ ನಕ್ಕ. ನಾನೂ ನಕ್ಕು, ಹೋಗಿ ಆಟ ಆಡಿ ಎಂದು ಕಳಿಸಿದೆ.

ಅದಕ್ಕೆ ಉತ್ತರ ಉಂಟು. ಎದುರು ಕುಳಿತು ಹೇಳಲು ನನ್ನಿಂದ ಆಗುವುದಿಲ್ಲ. ಮೊದಲಿನಿಂದಲೂ ನಾನು ನಾಲ್ಕು ಜನರ ಎದುರು ಬಾಯಿ ತೆರೆದವಳಲ್ಲ. ಊರಿನ ಶಾಲೆಯಲ್ಲಿ ಏಳನೆಯವರೆಗೆ ಕಲಿತ ಕನ್ನಡ ಮಾತ್ರ ಮರೆತಿಲ್ಲ, ಅದರಲ್ಲಿ ಬರೆಯುತ್ತೇನೆ. ನಿಮಗೆ ಓದಲು ಕಷ್ಟವಾದರೆ ಅಪ್ಪ ಓದಿ ಹೇಳಲಿ. ನಮ್ಮ ಪೈಕಿ ಬೇರೆ ಯಾರಿಗಾದರೂ ಹೀಗೆ ಆದರೆ ಅವರಿಗೂ ಓದಿ ಹೇಳಿ.

ನಿಮ್ಮ ಅಜ್ಜ ಕುಂದಾಪುರದ ಕಡೆಯಿಂದ ಬಂದು ಜೋಗೇಶ್ವರಿಯ ಒಂದು ಹೋಟೆಲಿನಲ್ಲಿ ಕೊನೆಯವರೆಗೂ ದೋಸೆ ಕಲ್ಲಿನ ಮುಂದೆ ನಿಂತವರು. ಅವರು ದೋಸೆಯ ಅಂಚನ್ನು ಬೆರಳಿನಿಂದಲೇ ಎಬ್ಬಿಸುತ್ತಿದ್ದರು. ಹೋಟೆಲಿನ ಅಡುಗೆಮನೆಯಲ್ಲಿ ಇಕ್ಕಳ ಹುಡುಕುವವರನ್ನು ಕಂಡರೆ ಎಲ್ಲರಿಗೂ ತಮಾಷೆ. ಹೊಸದಾಗಿ ಬಂದವರು ಕೈ ಸುಟ್ಟುಕೊಂಡರೆ, ಇನ್ನೂ ಹೋಟೆಲ್ ಕೈ ಆಗಿಲ್ಲ, ಆಗುತ್ತದೆ ಎನ್ನುತ್ತಿದ್ದರು. ಬೆಂಕಿಯ ಹತ್ತಿರ ವರ್ಷಗಟ್ಟಲೆ ಕೆಲಸ ಮಾಡಿದವರ ಕೈಗೆ ಬಿಸಿ ತಾಗುವುದಿಲ್ಲ ಎಂಬುದು ನಮ್ಮವರಿಗೆಲ್ಲ ಗೊತ್ತಿದ್ದ ಸಂಗತಿ.

ಅಜ್ಜ ಹೋದ ಮೇಲೆ ನಾನು ಮನೆಯಲ್ಲೇ ಅಡುಗೆ ಮಾಡಿ, ಹತ್ತಿರದ ರೂಮುಗಳಲ್ಲಿದ್ದ ಊರಿನವರಿಗೆ ಮಧ್ಯಾಹ್ನದ ಊಟ ಹಾಕುತ್ತಿದ್ದೆ. ಕುದಿಯುವ ಅನ್ನದ ಪಾತ್ರೆಯನ್ನು ಬಟ್ಟೆ ಹಿಡಿಯದೆ ಇಳಿಸುತ್ತಿದ್ದೆ. ಹಪ್ಪಳವನ್ನು ಉರಿಯ ಮೇಲೆ ಬೆರಳಿನಿಂದಲೇ ತಿರುಗಿಸುತ್ತಿದ್ದೆ.

"ಅಕ್ಕಂದೂ ಹೋಟ್ಲ್ ಕೈ ಆಯ್ತ್ ಮಾರಾಯ್ರೆ. ಅಣ್ಣನ್ ಮೀರ್ಸಿದ್ರ್," ಎಂದು ಊಟಕ್ಕೆ ಕುಳಿತವರೊಬ್ಬರು ನಿಮ್ಮ ಅಜ್ಜನನ್ನು ನೆನೆದು ಹೇಳಿದರು. ಎಲ್ಲರೂ ನಕ್ಕರು. ನಾನು ತಲೆ ತಗ್ಗಿಸಿ ಸಾರು ಬಡಿಸಿದೆ. ನನ್ನನ್ನು ಯಾರೂ ಯಾವುದಕ್ಕೂ ಹೊಗಳಿದ್ದಿಲ್ಲ. ಇದು ಇಷ್ಟವಾಯಿತು. ಆಮೇಲೆ ಬಟ್ಟೆ ಹಿಡಿಯುವುದನ್ನು ಪೂರ್ತಿ ಬಿಟ್ಟೆ. ಒಮ್ಮೊಮ್ಮೆ ಬೆರಳಿನಲ್ಲಿ ಬೊಕ್ಕೆ ಎದ್ದಿರುತ್ತಿತ್ತು. ಯಾವಾಗ ಸುಟ್ಟಿತು ಎಂದು ನೆನಪಾಗುತ್ತಿರಲಿಲ್ಲ.

ಗಂಟುಗಳು ಮೊದಲು ಕಂಡದ್ದು ಕಿವಿಯಲ್ಲಿ. ನಿನ್ನ ಅಮ್ಮನ ಸೀಮಂತದ ದಿನ ಓಲೆ ಬದಲಾಯಿಸಲು ಹೋದರೆ ತಿರುಪು ಕೂರಲಿಲ್ಲ. ಕಿವಿಯ ಹಾಲೆ ದಪ್ಪವಾಗಿತ್ತು, ಒಳಗೆ ಕಡಲೆಕಾಳಿನ ಹಾಗೆ ಗಟ್ಟಿ ಗಟ್ಟಿ ಸಿಗುತ್ತಿತ್ತು. ಓಲೆಯ ಭಾರಕ್ಕೆ ಹೀಗಾಗಿದೆ ಎಂದುಕೊಂಡೆ. ಆಮೇಲೆ ಮೊಣಕೈಯಲ್ಲಿ ಎದ್ದವು. ಗಲ್ಲದ ಹತ್ತಿರ ಎರಡು ಬಂದವು. ಹುಬ್ಬಿನ ಕೂದಲು ತೆಳ್ಳಗಾಯಿತು. ಅವು ನೋಯುತ್ತಿರಲಿಲ್ಲ, ತುರಿಸುತ್ತಿರಲಿಲ್ಲ. ನೋಯದ ಗಂಟನ್ನು ತೆಗೆದುಕೊಂಡು ಯಾರು ಡಾಕ್ಟರ ಹತ್ತಿರ ಹೋಗುತ್ತಾರೆ? ಆದರೂ ನಿನ್ನ ಅಪ್ಪ ಸುಧಾಕರ ಕರೆದುಕೊಂಡು ಹೋದ. ರಸ್ತೆ ಕೂಡುವ ನಾಕಾದ ಡಾಕ್ಟರು ಕೊಬ್ಬಿನ ಗಂಟು, ಬಿಟ್ಟುಬಿಡಿ ಎಂದರು. ಸ್ಟೇಷನ್ ಹತ್ತಿರದವರು ಹುಳುಕಡ್ಡಿ ಎಂದು ಮುಲಾಮು ಕೊಟ್ಟರು. ಊರಿನಿಂದ ಫೋನ್ ಮಾಡಿದವರು ನಾಗನಿಗೆ ತಂಬಿಲದ ಪೂಜೆ ಕೊಡಿಸಿ ಎಂದರು. ಅದನ್ನೂ ಕೊಡಿಸಿದೆವು. ಗಂಟುಗಳು ಹಾಗೆಯೇ ಇದ್ದವು.

ಅಷ್ಟರಲ್ಲಿ ನೀನು ಹುಟ್ಟಿದೆ.

ನಿನ್ನ ಅಮ್ಮ ನಮಿತಾ ಕಾಂದಿವಲಿಯಲ್ಲಿ ಬೆಳೆದವಳು. ಅವಳ ತಾಯಿ, ಅವಳು ಶಾಲೆಗೆ ಹೋಗುವಾಗಲೇ ತೀರಿಕೊಂಡಿದ್ದರು. ಹಾಗಾಗಿ ಬಾಣಂತನ ನನ್ನ ಪಾಲಿಗೆ ಬಂತು. ನಮ್ಮ ಕಡೆ ಮಗುವನ್ನು ಮೀಯಿಸುವುದು ಅಜ್ಜಿಯ ಕೆಲಸ. ಮಣೆಯ ಮೇಲೆ ಕುಳಿತು ಕಾಲು ನೀಡಿ, ಮಗುವನ್ನು ಎರಡೂ ಕಾಲುಗಳ ಮೇಲೆ ಮಲಗಿಸಿ, ಎಣ್ಣೆ ತಿಕ್ಕಿ, ಚೊಂಬಿನಿಂದ ಧಾರೆಯಾಗಿ ನೀರು ಹೊಯ್ಯಬೇಕು. ನಿನ್ನ ಅಪ್ಪನನ್ನು ನನ್ನ ಅಮ್ಮ ಹಾಗೆ ಮೀಯಿಸುವುದನ್ನು ಕಂಬಕ್ಕೆ ಒರಗಿ ನೋಡಿದ್ದೆ. ನನ್ನ ಸರದಿಗಾಗಿ ಕಾದಿದ್ದೆ. ಬೇರೆ ಯಾವುದಕ್ಕೂ ನಾನು ಹಾಗೆ ಕಾದದ್ದು ನೆನಪಿಲ್ಲ.

ಮೊದಮೊದಲು ಪಕ್ಕದ ಮನೆಯ ಸುರೇಖಾ ವಹಿನಿ ನೀರು ಹದ ಮಾಡಿ ಕೊಡುತ್ತಿದ್ದರು, ನಾನು ಮೀಯಿಸುತ್ತಿದ್ದೆ. ಒಂದು ದಿನ ಅವರು ಮಗಳ ಮನೆಗೆ ಹೋಗಿದ್ದರು. ನಾನೇ ನೀರು ಬೆರೆಸಿದೆ. ಕೈ ಹಾಕಿ ನೋಡಿದೆ. ಸರಿಯಾಗಿದೆ ಅನಿಸಿತು. ನೀನು ಎಣ್ಣೆ ಹಚ್ಚಿಸಿಕೊಂಡು ನನ್ನ ಕಾಲ ಮೇಲೆ ಕೈಕಾಲು ಬಡಿಯುತ್ತಿದ್ದೆ. ನಾನು ಚೊಂಬು ಮುಳುಗಿಸಿದೆ. ನಮಿತಾ ಟವೆಲ್ ಇಡಲು ಬಂದವಳು, ಬೆರಳಿಗೆ ಅಂಟಿದ್ದ ಎಣ್ಣೆ ತೊಳೆಯಲು ಬಕೆಟ್ಟಿಗೆ ಕೈ ಅದ್ದಿ ಕಿರುಚಿದಳು. ನನ್ನ ಕೈಯಿಂದ ಚೊಂಬು ಕಸಿದು ಮೋರಿಗೆ ಎಸೆದಳು. ನೆಲದಿಂದ ಹಬೆ ಎದ್ದಿತು.

"ಅತ್ತೆ! ಪಾಗಲ್ ಆದ್ರಾ? ಉಬಲ್ತಾ ಪಾನಿ ಇದು! ಕೈ ಹಾಕಿ ನೋಡ್ಲಿಲ್ವಾ ನೀವು?"

"ಹಾಕಿದ್ದೆ ಹೆಣೆ. ಸಮ ಇತ್ತ್ ಅಲ್ದಾ."

ಅವಳು ನಿನ್ನನ್ನು ಎತ್ತಿ ಎದೆಗೆ ಒತ್ತಿಕೊಂಡಳು. ನಿನಗೆ ಒಂದು ಹನಿಯೂ ಬಿದ್ದಿರಲಿಲ್ಲ. ಆಮೇಲೆ ನನ್ನ ಬಲಗೈ ಹಿಡಿದು ನೋಡಿದಳು. ಮಣಿಕಟ್ಟಿನವರೆಗೆ ಕೆಂಪಾಗಿತ್ತು.

"ಅದ್ ಹೋಟ್ಲ್ ಕೈ," ಎಂದೆ.

"ಹೋಟ್ಲ್ ಕೈ ಅಂದ್ರೆ ಎಂಥದ್ದು ಅತ್ತೆ? ಕೈ ಅಂದ್ರೆ ಕೈ."

ಸಂಜೆ ನಾನು ಕೊತ್ತಂಬರಿ ಸೊಪ್ಪು ಬಿಡಿಸುತ್ತ ಕುಳಿತಿದ್ದೆ. ಅವಳು ಹಿಂದೆ ಬಂದು ಸ್ವಲ್ಪ ಹೊತ್ತು ನಿಂತು, "ನಾಳೆ ದೊಡ್ಡ ಆಸ್ಪತ್ರೆಗೆ ಹೋಗುವ," ಎಂದಳು. ನಾನು ಸೊಪ್ಪು ಬಿಡಿಸುವಾಗ ಅವಳು ನನ್ನ ಮೊಣಕೈಯ ಗಂಟಿಗೆ ತಲೆಪಿನ್ನಿನ ಚೂಪು ತುದಿ ಒತ್ತಿ ನೋಡಿದ್ದಳಂತೆ. ನಾನು ತಿರುಗಿಯೂ ನೋಡಲಿಲ್ಲವಂತೆ. ಇದನ್ನು ಅವಳು ನನಗೆ ಹೇಳಿದ್ದು ಬಹಳ ತಿಂಗಳ ಮೇಲೆ.

ನಿನ್ನನ್ನು ವಹಿನಿಯ ಹತ್ತಿರ ಬಿಟ್ಟು ನಾವಿಬ್ಬರೂ ಲೋಕಲ್‌ನಲ್ಲಿ ಮುನ್ಸಿಪಾಲಿಟಿಯ ದೊಡ್ಡ ಆಸ್ಪತ್ರೆಗೆ ಹೋದೆವು. ಚರ್ಮದ ವಿಭಾಗದ ಮುಂದೆ ಉದ್ದಕ್ಕೆ ಬೆಂಚುಗಳು. ಬೇರೆ ವಿಭಾಗಗಳಲ್ಲಿ ಜನ ಒಬ್ಬರಿಗೊಬ್ಬರು ಕಾಯಿಲೆ ಹೇಳಿಕೊಳ್ಳುತ್ತಿದ್ದರು. ಇಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಆ ಸೆಕೆಯಲ್ಲೂ ಒಬ್ಬರು ತುಂಬುತೋಳಿನ ಅಂಗಿ ಹಾಕಿದ್ದರು, ಒಬ್ಬಳು ಕಣ್ಣು ಮಾತ್ರ ಕಾಣುವ ಹಾಗೆ ದುಪ್ಪಟ್ಟಾ ಸುತ್ತಿಕೊಂಡಿದ್ದಳು. ನಾನು ಸೆರಗನ್ನು ಕಿವಿಯ ಮೇಲೆ ಎಳೆದುಕೊಂಡೆ. ಪಕ್ಕದಲ್ಲಿದ್ದ ಹೆಂಗಸು ನನ್ನ ಮುಖ ನೋಡದೆ ಬಿಸ್ಕತ್ತಿನ ಪೊಟ್ಟಣ ನನ್ನ ಕಡೆ ಚಾಚಿದಳು. ನಾನೂ ಅವಳ ಮುಖ ನೋಡದೆ ಒಂದು ತೆಗೆದುಕೊಂಡೆ.

ಒಳಗೆ ಚಿಕ್ಕ ಪ್ರಾಯದ ಡಾಕ್ಟರಮ್ಮ. ಮರಾಠಿಯಲ್ಲಿ ಆಜಿ ಎಂದು ಕರೆದರು. ಕಿವಿ ಮುಟ್ಟಿದರು, ಮೊಣಕೈಯ ಸಂದಿನಲ್ಲಿ ಒತ್ತಿ ನರ ಹುಡುಕಿದರು. ಆಮೇಲೆ, ಕಣ್ಣು ಮುಚ್ಚಿ, ಹತ್ತಿ ಮುಟ್ಟಿಸುತ್ತೇನೆ, ತಾಗಿದರೆ ಹೌದು ಅನ್ನಿ ಎಂದರು.

ನಾನು ಕಣ್ಣು ಮುಚ್ಚಿದೆ. ಏನೂ ತಾಗುತ್ತಿರಲಿಲ್ಲ. ಅಷ್ಟು ಜನ ಹೊರಗೆ ಕಾಯುತ್ತಿದ್ದಾರೆ, ಆ ಹುಡುಗಿ ನಿಂತುಕೊಂಡೇ ಕೆಲಸ ಮಾಡುತ್ತಿದ್ದಾಳೆ, ಇಲ್ಲ ಇಲ್ಲ ಎಂದು ಹೇಗೆ ಹೇಳುವುದು? ಸ್ವಲ್ಪ ಹೊತ್ತಾದ ಮೇಲೆ ಹೌದು ಎಂದೆ. ಮತ್ತೆ ಸ್ವಲ್ಪ ತಡೆದು ಹೌದು ಎಂದೆ. ಶಾಲೆಯಲ್ಲಿ ಮೇಷ್ಟ್ರು ಅರ್ಥವಾಯಿತಾ ಎಂದಾಗ ಎಲ್ಲರೊಟ್ಟಿಗೆ ಹೇಳುತ್ತಿದ್ದ ಹಾಗೆ.

"ಆಜಿ," ಎಂದರು ಡಾಕ್ಟರಮ್ಮ. "ಮೀ ಅಜೂನ್ ಹಾತ್ ಲಾವ್ಲಾಚ್ ನಾಹೀ."

ಕಣ್ಣು ಬಿಟ್ಟೆ. ಅವರು ಎರಡೂ ಕೈಗಳನ್ನು ಹಿಂದೆ ಕಟ್ಟಿಕೊಂಡು ನಿಂತಿದ್ದರು. ಇನ್ನೂ ಮುಟ್ಟಿಯೇ ಇರಲಿಲ್ಲ. ನಮಿತಾ ಗೋಡೆಯ ಕಡೆ ಮುಖ ತಿರುಗಿಸಿದಳು. ಡಾಕ್ಟರಮ್ಮ ಬೈಯಲಿಲ್ಲ. ಸ್ಟೂಲ್ ಎಳೆದು ನನ್ನ ಮುಂದೆ ಕುಳಿತು, ನನಗೆ ಖುಷಿಯಾಗಲಿ ಅಂತ ಹೌದು ಅನ್ನಬೇಡಿ ಎಂದರು. ಮತ್ತೆ ಮೊದಲಿನಿಂದ ಶುರು ಮಾಡಿದರು. ಈ ಸಲ ಸುಮ್ಮನೆ ಕುಳಿತೆ. ಬಹಳ ಹೊತ್ತು ಸುಮ್ಮನೆ ಕುಳಿತಿರಬೇಕಾಯಿತು.

ಕಿವಿಯ ಹಾಲೆಯನ್ನು ಸ್ವಲ್ಪ ಗೀರಿ ಗಾಜಿನ ಮೇಲೆ ಹಚ್ಚಿಕೊಂಡರು. ಮೊಣಕೈಯ ಗಂಟಿನಿಂದ ಒಂದು ಚೂರು ಕತ್ತರಿಸಿ ತೆಗೆದರು. ನೋಯುತ್ತದೆಯಾ ಎಂದು ಕೇಳಿದರು. ಇಲ್ಲ ಎಂದೆ. ಅದು ನಿಜವೇ ಆಗಿತ್ತು.

ರಿಪೋರ್ಟಿನ ದಿನ ಸುಧಾಕರನೂ ರಜೆ ಹಾಕಿ ಬಂದ. ಡಾಕ್ಟರಮ್ಮ ಕುಷ್ಠರೋಗ ಎಂದರು. ಎಲ್ಲರೂ ಹೇಳುವ ಮಾತಿನ ಹಾಗೆ ಹೇಳಿದರು. ನಮ್ಮ ಊರಿನಲ್ಲಿ ಆ ಹೆಸರನ್ನು ಬಾಯಿಯಲ್ಲಿ ಆಡುತ್ತಿರಲಿಲ್ಲ, ದೊಡ್ಡ ಕಾಯಿಲೆ ಎನ್ನುತ್ತಿದ್ದರು. ಅದು ಬಂದವರ ಮನೆಯ ಬಾವಿಯ ನೀರು ಯಾರೂ ಕುಡಿಯುತ್ತಿರಲಿಲ್ಲ. ನನಗೆ ಅಳು ಬರಬಹುದು ಎಂದು ಕಾದೆ. ಬರಲಿಲ್ಲ. ಮೇಜಿನ ಮೇಲೆ ಗಾಜಿನ ಕೆಳಗೆ ಒಂದು ಕ್ಯಾಲೆಂಡರ್ ಇತ್ತು, ಅದರ ಅಂಚು ಹಳದಿಯಾಗಿತ್ತು. ಅದನ್ನೇ ನೋಡಿದೆ. ಸುಧಾಕರ ಫ್ಯಾನ್ ನೋಡುತ್ತಿದ್ದ.

"ಮಗು?" ಎಂದು ಕೇಳಿದವಳು ನಮಿತಾ.

ಮಗುವನ್ನು ಕರೆತನ್ನಿ, ನೋಡುತ್ತೇವೆ, ನೀವೂ ತೋರಿಸಿಕೊಳ್ಳಿ, ಆದರೆ ಹೆದರಬೇಡಿ ಎಂದರು ಡಾಕ್ಟರಮ್ಮ. ಇದು ಮುಟ್ಟಿದರೆ ಬರುವುದಲ್ಲ, ಮಾತ್ರೆ ಶುರುವಾದ ಮೇಲೆ ಹರಡುವುದೂ ನಿಲ್ಲುತ್ತದೆ, ಜೊತೆಗೆ ಊಟ ಮಾಡಿ, ಮಗುವನ್ನು ಎತ್ತಿಕೊಳ್ಳಲಿ ಎಂದರು. ಔಷಧಿಗೆ ಏನೂ ಕೊಡಬೇಕಾಗಿಲ್ಲ, ಒಂದು ವರ್ಷ ತಪ್ಪದೆ ನುಂಗಬೇಕು. ಗಂಟುಗಳು ಹೋಗುತ್ತವೆ.

"ಕೈ?" ಎಂದೆ ನಾನು.

ಸ್ಪರ್ಶ ಬರಬಹುದು, ಬರದೆಯೂ ಇರಬಹುದು ಎಂದರು. ತಡವಾಗಿ ಬಂದಿದ್ದೀರಿ ಎಂದೂ ಹೇಳಿದರು. ಬಿಸಿಯದನ್ನೂ ಚೂಪಾದದ್ದನ್ನೂ ಇನ್ನು ಕೈಯಿಂದ ನೋಡಬೇಡಿ, ಕಣ್ಣಿನಿಂದ ನೋಡಿ.

ವಾಪಸ್ ಬರುವಾಗ ಲೇಡೀಸ್ ಡಬ್ಬಿಯಲ್ಲಿ ಸೀಟು ಖಾಲಿ ಇದ್ದರೂ ನಾನು ಬಾಗಿಲ ಹತ್ತಿರ ನಿಂತೆ. ಯಾರಿಗೂ ತಾಗಬಾರದು ಎಂದು. ನಮಿತಾ ನನ್ನ ಸೆರಗು ಹಿಡಿದು ಎಳೆದಳು. "ಕೂತ್ಕೊಳ್ಳಿ ಅತ್ತೆ. ಜಗಾ ಇದೆ. ನಾಟಕ ಬೇಡ."

ಮನೆಯಲ್ಲಿ ನಾನು ನನ್ನ ಬಟ್ಟಲು ಲೋಟ ತೆಗೆದು ಮೋರಿಯ ಹತ್ತಿರ ಬೇರೆ ಇಟ್ಟೆ. ಮರುದಿನ ಅವು ಎಲ್ಲರ ಬಟ್ಟಲುಗಳ ನಡುವೆ ಇದ್ದವು. ಮತ್ತೆ ಬೇರೆ ಇಟ್ಟೆ. ಮತ್ತೆ ಅಲ್ಲಿಗೇ ಬಂದವು. ಕೊನೆಗೆ ನನಗೇ ಬೇಸರ ಬಂದು ಬಿಟ್ಟೆ.

ಸುಧಾಕರ ಹಾಗಲ್ಲ. ಅವನು ಕೆಟ್ಟವನಲ್ಲ, ಹೆದರಿದ್ದ. "ಅಮ್ಮಾ, ಊರಿನವ್ರ ಹತ್ರ ಎಂತದೂ ಹೇಳುಕ್ ಹೋಗ್ಬೇಡ. ಅಲರ್ಜಿ ಅಂದೇಳಿ ಹೇಳ್," ಎಂದ. ನಾನು ಊಟ ಹಾಕುವುದನ್ನು ನಿಲ್ಲಿಸಿದೆ, ಕೇಳಿದವರಿಗೆ ಮಂಡಿನೋವು ಎಂದೆ. ಮುಂದಿನ ವಾರ ಅವನು ನಿನಗೆ ಎಣ್ಣೆ ತಿಕ್ಕಿ ಮೀಯಿಸಲು ಒಬ್ಬ ಮಾಲಿಶ್‌ವಾಲಿಯನ್ನು ಗೊತ್ತು ಮಾಡಿದ. ಶಾಂತಾಬಾಯಿ ಅಂತ, ಕೊಂಕಣದವಳು. ನಮ್ಮ ಚಾಳಿನ ಸಾಲುಮನೆಗಳ ಎಷ್ಟೋ ಮಕ್ಕಳನ್ನು ಮೀಯಿಸಿದವಳು.

"ನಿಂಗೂ ಸ್ವಲ್ಪ ಆರಾಮ್ ಸಿಕ್ಕತ್ತ್ ಅಲ್ದಾ," ಎಂದ ನನ್ನ ಮುಖ ನೋಡದೆ.

"ಹ್ಞೂ," ಎಂದೆ.

ನಮ್ಮದು ಒಂದೇ ಕೋಣೆ, ಮೂಲೆಯಲ್ಲಿ ಮೋರಿ. ಶಾಂತಾಬಾಯಿ ಬರುವ ಹೊತ್ತಿಗೆ ನಾನು ಗೋಡೆಯ ಕಡೆ ತಿರುಗಿ ಅಕ್ಕಿ ಆರಿಸುತ್ತಿದ್ದೆ. ನೀರಿನ ಸದ್ದು ಕೇಳುತ್ತಿತ್ತು. ನೀನು ಅತ್ತು, ಆಮೇಲೆ ಅಳು ನಿಲ್ಲಿಸಿ ಗುಳುಗುಳು ಮಾಡುವುದು ಕೇಳುತ್ತಿತ್ತು. ಅಕ್ಕಿಯಲ್ಲಿ ಕಲ್ಲು ಇರುತ್ತಿರಲಿಲ್ಲ, ಈಗಿನ ಅಕ್ಕಿಯಲ್ಲಿ ಎಲ್ಲಿ ಇರುತ್ತದೆ. ಆದರೂ ಆರಿಸುತ್ತಿದ್ದೆ. ಡಾಕ್ಟರು ಎತ್ತಿಕೊಳ್ಳಬಹುದು ಎಂದಿದ್ದರು. ನಾನು ಎತ್ತಿಕೊಳ್ಳುತ್ತಿರಲಿಲ್ಲ. ನಮಿತಾ ನಿನ್ನನ್ನು ನನ್ನ ಪಕ್ಕ ಚಾಪೆಯಲ್ಲಿ ಮಲಗಿಸಿ ಬೇಕೆಂದೇ ಎದ್ದು ಹೋಗುತ್ತಿದ್ದಳು. ನಾನು ಸೀರೆಯ ಅಂಚನ್ನು ನಿನ್ನ ಕೈಗೆ ಕೊಡುತ್ತಿದ್ದೆ. ನೀನು ಅದನ್ನು ಬಾಯಿಗೆ ಹಾಕಿದರೆ ಎಳೆದುಕೊಳ್ಳುತ್ತಿದ್ದೆ.

ಮಾತ್ರೆಗಳಿಂದ ಮೂತ್ರ ಕೆಂಪಾಗುತ್ತಿತ್ತು. ಮೈ ಬಣ್ಣ ಕಪ್ಪಾಯಿತು, ಸುಟ್ಟ ಬದನೆಕಾಯಿಯ ಹಾಗೆ. ಇವೆಲ್ಲ ಆಗುತ್ತವೆ ಎಂದು ಮೊದಲೇ ಹೇಳಿದ್ದರು, ಹಾಗಾಗಿ ಗಾಬರಿಯಾಗಲಿಲ್ಲ. ಹಳೆಯ ಗಂಟುಗಳು ಕರಗತೊಡಗಿದವು. ಆಮೇಲೆ ಒಂದು ದಿನ ಜ್ವರ ಬಂತು, ತೊಡೆ ತೋಳುಗಳಲ್ಲಿ ಹೊಸ ಗಂಟುಗಳು ಎದ್ದವು, ಕೆಂಪಗೆ, ಬಿಸಿಯಾಗಿ. ಅವು ನೋಯುತ್ತಿದ್ದವು. ಸೀರೆ ತಾಗಿದರೂ ನೋವು. ನನಗೆ ಅದು ವಿಚಿತ್ರವಾಗಿ ಕಂಡಿತು. ಎಷ್ಟೋ ವರ್ಷಗಳ ಮೇಲೆ ನನ್ನ ಮೈ ನನಗೆ ಏನೋ ಹೇಳುತ್ತಿತ್ತು. ಆಸ್ಪತ್ರೆಯಲ್ಲಿ ಮಲಗಿಸಿಕೊಂಡರು. ರೋಗ ಹೆಚ್ಚಾಗಿಲ್ಲ ಆಜಿ, ಸತ್ತ ಹುಳುಗಳ ಜೊತೆ ನಿಮ್ಮ ಮೈ ಜಗಳ ಮಾಡುತ್ತಿದೆ ಎಂದು ಅದೇ ಡಾಕ್ಟರಮ್ಮ ಸಮಾಧಾನ ಹೇಳಿ ಬೇರೆ ಮಾತ್ರೆ ಕೊಟ್ಟರು. ವಾರ್ಡಿನಲ್ಲಿ ಎಲ್ಲರಿಗೂ ನನ್ನ ಹಾಗೆಯೇ ಏನಾದರೊಂದು ಇತ್ತು. ಸೆರಗು ಎಳೆದುಕೊಳ್ಳುವ ಕೆಲಸ ಇರಲಿಲ್ಲ. ಅಲ್ಲಿ ಚೆನ್ನಾಗಿ ನಿದ್ದೆ ಬಂತು.

ಮನೆಗೆ ಬಂದ ಮೇಲೆ ಗಣಪತಿ ಹಬ್ಬ. ಶಾಂತಾಬಾಯಿ ಹಬ್ಬಕ್ಕೆ ಊರಿಗೆ ಹೋದಳು. ಹಬ್ಬ ಮುಗಿದರೂ ಬರಲಿಲ್ಲ. ಗದ್ದೆ ಕೆಲಸ ಇದೆ, ದೀಪಾವಳಿಯ ಮೇಲೆ ಬರುತ್ತೇನೆ ಎಂದು ಫೋನ್ ಬಂತು. ಸುಧಾಕರ ಬೇರೆಯವರನ್ನು ಹುಡುಕುತ್ತೇನೆ ಎಂದ.

ಮರುದಿನ ಬೆಳಿಗ್ಗೆ ನಾನು ಅಕ್ಕಿಯ ಮೊರ ಹಿಡಿದು ಕುಳಿತಿದ್ದೆ. ನಮಿತಾ ನೀರು ಕಾಸಿದಳು. ಮಣೆಯನ್ನು ಮೋರಿಯಲ್ಲಿ ಇಟ್ಟಳು. ನಿನ್ನ ಬಟ್ಟೆ ಬಿಚ್ಚಿದಳು.

"ಅತ್ತೆ, ಬನ್ನಿ."

ನಾನು ಕದಲಲಿಲ್ಲ. ಸುಧಾಕರ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದವನು ನಿಂತ. "ನಮಿತಾ, ಬೇಡ. ಅವತ್ತಿನ್ ಹಾಂಗೆ ಆದ್ರೆ?"

"ಅವತ್ತು ನೀರು ಅತ್ತೆ ನೋಡಿದ್ರು. ಇವತ್ತು ನೀರು ನಾನು ನೋಡ್ತೇನೆ. ಕಾಲು ಅವರದ್ದು."

"ನೀನೇ ಮೀಸ್ಲಕ್ಕಲೆ."

"ನಂಗೆ ಬರಲ್ಲ. ಜಾರ್ತಾಳೆ. ನಿಮಗೆ ಬರುತ್ತಾ? ಬಂದ್ರೆ ಪ್ಯಾಂಟ್ ಮಡಚಿ ಕೂತ್ಕೊಳ್ಳಿ."

ಇಬ್ಬರೂ ನನ್ನನ್ನು ನೋಡಿದರು. ನನಗೆ ಹ್ಞೂ ಎನ್ನುವುದು ಅಭ್ಯಾಸ, ಆ ದಿನ ಅದೂ ಬರಲಿಲ್ಲ. ಎದ್ದೆ. ಸೀರೆ ಎತ್ತಿ ಕಟ್ಟಿ ಮಣೆಯ ಮೇಲೆ ಕುಳಿತೆ. ಕಾಲು ನೀಡಿದೆ. ನಮಿತಾ ನಿನ್ನನ್ನು ಮಲಗಿಸಿದಳು. ನೀನು ದೊಡ್ಡವಳಾಗಿದ್ದೆ, ಭಾರವಾಗಿದ್ದೆ, ಒದೆಯುತ್ತಿದ್ದೆ. ಭಾರ ಗೊತ್ತಾಯಿತು. ಚರ್ಮ ಗೊತ್ತಾಗಲಿಲ್ಲ. ಕಾಲ ಮೇಲೆ ಕಂಬಳಿ ಹೊದಿಸಿ ಅದರ ಮೇಲೆ ನಿನ್ನನ್ನು ಇಟ್ಟ ಹಾಗಿತ್ತು. ನಾನು ಎಣ್ಣೆ ಹಚ್ಚಿದೆ. ಕೈ ತನ್ನಷ್ಟಕ್ಕೆ ಎದೆ, ತೋಳು, ಬೆನ್ನು ಎಂದು ಹೋಯಿತು. ಎಣ್ಣೆ ಜಾರುವುದನ್ನು ಕಣ್ಣಿನಿಂದ ನೋಡುತ್ತಿದ್ದೆ. ನಮಿತಾ ಬಕೆಟ್ಟಿನಲ್ಲಿ ಮೊಣಕೈ ಅದ್ದಿ, ತಣ್ಣೀರು ಬೆರೆಸಿ, ಮತ್ತೆ ಅದ್ದಿ ನೋಡುತ್ತಿದ್ದಳು. ಸುಧಾಕರ ಕೆಲಸಕ್ಕೆ ಹೋಗದೆ ಬಾಗಿಲಿಗೆ ಒರಗಿ ನಿಂತಿದ್ದ.

ಆಗ ನನ್ನ ಎಡಗಾಲಿಗೆ ಬಿಸಿ ತಾಗಿತು.

"ತಡಿ ಹೆಣೆ, ಹೊಯ್ಬೇಡ. ಬಿಸಿ ಇತ್ತ್."

ನಮಿತಾ ಚೊಂಬು ಹಿಡಿದ ಕೈ ಹಾಗೆಯೇ ನಿಲ್ಲಿಸಿ ನನ್ನನ್ನು ನೋಡಿದಳು. ಅವಳ ಮುಖ ಆಸ್ಪತ್ರೆಯಲ್ಲಿ ಗೋಡೆಯ ಕಡೆ ತಿರುಗಿದ ದಿನದ ಹಾಗೆಯೇ ಇತ್ತು.

"ಅತ್ತೆ, ಸುಮ್ನೆ ಹೇಳ್ಬೇಡಿ. ನಾನಿನ್ನೂ ನೀರು ಹಾಕ್ಲೇ ಇಲ್ಲ."

"ನೀರಲ್ಲ. ನಿನ್ ಮಗ್ಳ್."

ಅವಳು ಬಗ್ಗಿ ನೋಡಿದಳು. ನೀನು ನನ್ನ ಕಾಲ ಮೇಲೆ ಉಚ್ಚೆ ಹೊಯ್ದು ಚಾವಣಿ ನೋಡುತ್ತಿದ್ದೆ. ನಮಿತಾ ಮೋರಿಯ ಕಟ್ಟೆಯ ಮೇಲೆ ಕುಸಿದು ಕುಳಿತು ನಗತೊಡಗಿದಳು. ಅವಳ ಕಣ್ಣಿನಿಂದ ನೀರು ಬರುತ್ತಿತ್ತು. "ಎಲ್ಲಿ ಅತ್ತೆ, ಎಲ್ಲಿ ಗೊತ್ತಾಯ್ತು? ತೋರ್ಸಿ." ನಾನು ಎಡ ಮೊಣಕಾಲಿನ ಕೆಳಗೆ ಒಳಬದಿಯನ್ನು ತೋರಿಸಿದೆ. ಸುಧಾಕರ ಒಳಗೆ ಬಂದು ಬಗ್ಗಿ, ಕಾಯಿಲೆ ಗೊತ್ತಾದ ಮೇಲೆ ಮೊದಲ ಸಲ, ಆ ಜಾಗವನ್ನು ಬೆರಳಿನಿಂದ ಮುಟ್ಟಿದ. ಅದೂ ಗೊತ್ತಾಯಿತು.

ಆಮೇಲೆ ನಿನ್ನನ್ನು ನೀನು ನಡೆಯುವವರೆಗೂ ನಾನೇ ಮೀಯಿಸಿದೆ. ತನ್ಮಯನನ್ನೂ ಮೀಯಿಸಿದೆ. ನೀರು ಯಾವತ್ತೂ ನಿಮ್ಮ ಅಮ್ಮನದೇ. ಮಾತ್ರೆ ಮುಗಿದು ವರ್ಷಗಳಾದವು, ಗಂಟುಗಳಿಲ್ಲ, ಮೈ ಬಣ್ಣ ಹೆಚ್ಚುಕಡಿಮೆ ಮೊದಲಿನ ಹಾಗಾಗಿದೆ. ನಿಮ್ಮನ್ನೆಲ್ಲ ಡಾಕ್ಟರು ಎಷ್ಟೋ ಸಲ ನೋಡಿದರು, ಯಾರಿಗೂ ಏನೂ ಇಲ್ಲ. ನನ್ನ ಕೈಗೆ ಮಾತ್ರ ಸ್ಪರ್ಶ ಬರಲಿಲ್ಲ. ಒಲೆಯ ಪಕ್ಕ ಮೊಳೆಗೆ ನೇತುಹಾಕಿದ ದಪ್ಪ ಬಟ್ಟೆ ಅದಕ್ಕೇ ಇರುವುದು. ಬಕೆಟ್ಟಿನಲ್ಲಿ ನಿನ್ನ ಅಮ್ಮ ಕೈ ಹಾಕುವುದೂ ಅದಕ್ಕೇ.

ನಾಳೆ ಅವಳು ಬೆಳಗಿನ ಡ್ಯೂಟಿಗೆ ಬೇಗ ಹೋಗುತ್ತಾಳೆ. ಬಕೆಟ್ಟಿಗೆ ನೀನು ಕೈ ಹಾಕಿ ನೋಡಿ ಹೇಳು.